ಎರಡೇ ಪೆಡಲಿನ ಗುಡುಗು

ಅಮೆರಿಕದ ಇಲಿನಾಯ್ ರಾಜ್ಯದ ಪಶ್ಚಿಮ ತುದಿಯಲ್ಲಿ, ಮುಸುಕಿನ ಜೋಳದ ಹೊಲಗಳ ನಡುವೆ, ಲಾ ಹಾರ್ಪ್ ಎಂಬ ಊರಿದೆ. ನಮ್ಮ ಕಡೆಯ ಹೋಬಳಿ ಕೇಂದ್ರಕ್ಕಿಂತ ಚಿಕ್ಕದು. 1968ರಲ್ಲಿ ಆ ಊರಿನ ಶೆವರ್ಲೆ ಡೀಲರ್ ಫ್ರೆಡ್ ಗಿಬ್ ಕಂಪನಿಯ ಮುಂದೆ ಒಂದು ಬೇಡಿಕೆ ಇಟ್ಟರು. ತನಗೆ ನೋವಾ ಕಾರು ಬೇಕು. ಅದರೊಳಗೆ 396 ಘನ ಇಂಚಿನ, 375 ಅಶ್ವಶಕ್ತಿಯ ಎಂಜಿನ್ ಕೂರಿಸಬೇಕು. ಆ ಎಂಜಿನ್ನಿನ ಬೆನ್ನಿಗೆ ಕ್ಲಚ್ಚು, ನಾಲ್ಕು ಗೇರಿನ ಕೋಲು ಬೇಡ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬೇಕು. ಒಂದೆರಡಲ್ಲ, 50 ಕಾರು.

ಅಂಥ ಜೋಡಿ ಆ ವರ್ಷದ ನೋವಾದ ಮಾರಾಟದ ಪಟ್ಟಿಯಲ್ಲಿ ಇರಲೇ ಇಲ್ಲ. ಆ ಎಂಜಿನ್ ಬೇಕೆಂದವರು ಕ್ಲಚ್ಚನ್ನೂ ತೆಗೆದುಕೊಳ್ಳಲೇಬೇಕಿತ್ತು. ಆದರೆ ಶೆವರ್ಲೆಯಲ್ಲಿ ಕೇಂದ್ರ ಕಚೇರಿಯ ಮೂಲಕ ವಿಶೇಷ ಆದೇಶ ಕೊಡುವ ಒಂದು ಹಿತ್ತಲ ಬಾಗಿಲಿತ್ತು. ‘ಕೋಪೊ’ ಎಂದು ಅದರ ಚಿಕ್ಕ ಹೆಸರು. ಪೊಲೀಸ್ ಇಲಾಖೆಯೋ ಟ್ಯಾಕ್ಸಿ ಸಂಸ್ಥೆಯೋ ಸಗಟಾಗಿ ಕೊಳ್ಳುವಾಗ ಬೇರೆ ಬಣ್ಣ, ಬೇರೆ ಸೀಟು ಕೇಳಲೆಂದು ಇದ್ದ ಬಾಗಿಲು ಅದು. ಗಿಬ್ ಅದನ್ನು ರೇಸಿಗಾಗಿ ತಟ್ಟಿದರು. ಕಂಪನಿಯೊಳಗೆ ವೇಗದ ಕಾರುಗಳ ಪರವಾಗಿದ್ದ ವಿನ್ಸ್ ಪಿಗಿನ್ಸ್ ಅವರ ನೆರವಿನಿಂದ ಬಾಗಿಲು ತೆರೆಯಿತು. 50 ನೋವಾಗಳು ಲಾ ಹಾರ್ಪ್‌ಗೆ ಬಂದವು.

ಐವತ್ತೇ ಏಕೆ? ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆಯಾದ ಎನ್‌ಎಚ್‌ಆರ್‌ಎಯ ನಿಯಮದ ಪ್ರಕಾರ ಆ ವರ್ಗದ ಕಾರು ಕಣಕ್ಕಿಳಿಯಬೇಕಾದರೆ ಕನಿಷ್ಠ ಅಷ್ಟು ಕಾರುಗಳನ್ನು ಕಾರ್ಖಾನೆಯೇ ತಯಾರಿಸಿರಬೇಕಿತ್ತು. ಆಟೊಮ್ಯಾಟಿಕ್ ಏಕೆ ಎಂಬ ಪ್ರಶ್ನೆಗೆ ಮಾತ್ರ ಇಷ್ಟು ಚಿಕ್ಕ ಉತ್ತರವಿಲ್ಲ. ಈ ಲೇಖನ ಆ ಪ್ರಶ್ನೆಯ ಹಿಂದೆ ಹೊರಟದ್ದು.

ಮಸಲ್ ಕಾರ್ ಎಂದೊಡನೆ ಕಣ್ಣಿಗೆ ಕಟ್ಟುವ ಚಿತ್ರ ಬೇರೆಯದೇ. ಉದ್ದನೆಯ ಬಾನೆಟ್ಟು, ಅದರೊಳಗೆ ಗುರುಗುಟ್ಟುವ ವಿ-8, ಬಲಗೈಯ ಮುಷ್ಟಿಯಲ್ಲಿ ಗೇರ್ ಕೋಲು, ಎಡಗಾಲಿನಡಿ ಕ್ಲಚ್ಚು. 1968ರ ‘ಬುಲಿಟ್’ ಚಿತ್ರದಲ್ಲಿ ಸ್ಟೀವ್ ಮಕ್ವೀನ್ ಸ್ಯಾನ್ ಫ್ರಾನ್ಸಿಸ್ಕೊದ ದಿಬ್ಬಗಳ ಮೇಲೆ ಹಾರಿಸಿದ ಹಸಿರು ಮಸ್ಟ್ಯಾಂಗ್ ನಾಲ್ಕು ಗೇರಿನದು. 1971ರ ‘ವ್ಯಾನಿಶಿಂಗ್ ಪಾಯಿಂಟ್’ನ ಬಿಳಿ ಚಾಲೆಂಜರ್ ಕೂಡ ಹಾಗೆಯೇ. ಸಿನಿಮಾ ಮಾತ್ರವಲ್ಲ, ಕಾರ್ಖಾನೆಗಳೂ ಈ ಚಿತ್ರಕ್ಕೆ ಬಣ್ಣ ತುಂಬಿದವು. 1967ರಿಂದ 1969ರವರೆಗೆ ಕ್ಯಾಮರೊ ಝೀ/28 ಕೊಳ್ಳಹೋದವರಿಗೆ ಆಟೊಮ್ಯಾಟಿಕ್ ಸಿಗುತ್ತಿರಲಿಲ್ಲ. ಫೋರ್ಡಿನ ಬಾಸ್ 302, ಬಾಸ್ 429 ಎರಡಕ್ಕೂ ನಾಲ್ಕು ಗೇರಿನ ಕೋಲೇ ಗತಿ. ಹೀಗೆ ಹೆಸರುವಾಸಿಯಾದ ಕೆಲವು ಕಾರುಗಳ ನಿಯಮ, ಇಡೀ ತಲೆಮಾರಿನ ಕಾರುಗಳ ನಿಯಮವೆಂಬಂತೆ ನೆನಪಿನಲ್ಲಿ ಉಳಿದುಬಿಟ್ಟಿತು. ಕ್ಲಚ್ ಇದ್ದರೆ ಗಂಡೆದೆ, ಇಲ್ಲದಿದ್ದರೆ ಸಂತೆಗೆ ಹೋಗಿಬರುವ ಗಾಡಿ ಎಂಬ ತೀರ್ಮಾನ ಅದರಿಂದ ಇನ್ನಷ್ಟು ಗಟ್ಟಿಯಾಯಿತು.

ಇಂಥ ತೀರ್ಮಾನ ನಮಗೂ ಹೊಸದಲ್ಲ. ಗೇರ್ ಇಲ್ಲದ ಸ್ಕೂಟರ್ ಬಂದ ಕಾಲದಲ್ಲಿ ಅದು ಹೆಣ್ಣುಮಕ್ಕಳ ಗಾಡಿ ಎಂದವರಿದ್ದರು. ನಾನು ಕಾರು ಕಲಿತದ್ದು ಅಂಬಾಸಡರ್‌ನಲ್ಲಿ, ಸ್ಟೀರಿಂಗ್ ಪಕ್ಕದ ಗೇರಿನಲ್ಲಿ. ಗಾಡಿಯ ಉಸಿರು ಎಡಗಾಲಿಗೆ ತಿಳಿಯಬೇಕು ಎಂದು ಸೋದರಮಾವ ಹೇಳಿಕೊಟ್ಟಿದ್ದರು. ಆ ಮಾತು ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಆಟೊಮ್ಯಾಟಿಕ್ ಒಂದು ಅರ್ಧ ಕಾರು ಎಂದೇ ನಾನು ಬಹುಕಾಲ ನಂಬಿದ್ದೆ. ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆಂದು ಓದಿ ತಿಳಿದ ಮೇಲೆ ನಂಬಿಕೆ ಉಳಿಯಲಿಲ್ಲ.

ಕಾರು ಓಡಿಸುವವರಿಗೆಲ್ಲ ಹಾಫ್ ಕ್ಲಚ್ ಗೊತ್ತು. ಆಗುಂಬೆ ಘಾಟಿಯ ತಿರುವಿನಲ್ಲಿ ಮುಂದಿನ ಬಸ್ಸು ನಿಂತುಬಿಟ್ಟರೆ ನಮ್ಮ ಕಾರು ಹಿಂದಕ್ಕೂ ಜಾರದಂತೆ, ಎಂಜಿನ್ನೂ ಆರದಂತೆ ಕ್ಲಚ್ಚನ್ನು ಅರ್ಧಕ್ಕೆ ಹಿಡಿದು ನಿಲ್ಲಿಸುತ್ತೇವೆ. ಆ ಹೊತ್ತಿನಲ್ಲಿ ಎಂಜಿನ್ ಒಂದು ವೇಗದಲ್ಲಿ, ಚಕ್ರ ಇನ್ನೊಂದು ವೇಗದಲ್ಲಿ ಇರುತ್ತವೆ. ನಡುವಿನ ವ್ಯತ್ಯಾಸವನ್ನು ಕ್ಲಚ್ ಪ್ಲೇಟು ಉಜ್ಜಿಕೊಂಡು ನುಂಗುತ್ತದೆ. ಸ್ವಲ್ಪ ಹೊತ್ತು ಕಳೆದರೆ ಸುಟ್ಟ ವಾಸನೆ.

ಆಟೊಮ್ಯಾಟಿಕ್‌ನಲ್ಲಿ ಆ ಕೆಲಸವನ್ನು ಎಣ್ಣೆ ಮಾಡುತ್ತದೆ. ತುಂಬಿದ ಹಂಡೆಯ ನೀರಿಗೆ ಕೈಯಿಟ್ಟು ಗಿರಗಿರನೆ ತಿರುಗಿಸಿದರೆ ಮೇಲೆ ತೇಲುವ ತಂಬಿಗೆಯೂ ತಿರುಗುತ್ತದೆ, ಕೈಗೂ ತಂಬಿಗೆಗೂ ಮುಟ್ಟುವ ಸಂಬಂಧವಿಲ್ಲದಿದ್ದರೂ. ಟಾರ್ಕ್ ಕನ್ವರ್ಟರ್ ಎಂಬ ದುಂಡನೆಯ ಉಕ್ಕಿನ ಬುರುಡೆಯೊಳಗೆ ನಡೆಯುವುದು ಇದೇ. ಎಂಜಿನ್ ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನು ಎಸೆಯುತ್ತವೆ. ಆ ರಭಸಕ್ಕೆ ಎದುರಿನ ರೆಕ್ಕೆಗಳು ತಿರುಗಿ ಗೇರ್‌ಬಾಕ್ಸಿಗೆ ಬಲ ಕೊಡುತ್ತವೆ. ನಡುವೆ ಮೂರನೆಯ ಒಂದು ಚಿಕ್ಕ ರೆಕ್ಕೆಚಕ್ರ ಇದೆ. ಮರಳಿ ಬರುವ ಎಣ್ಣೆ ಎಂಜಿನ್ನಿಗೆ ಎದುರಾಗದಂತೆ ಅದು ದಿಕ್ಕು ತಿರುಗಿಸಿ ಮತ್ತೆ ಮುಂದಕ್ಕೇ ತಳ್ಳುತ್ತದೆ. ಇಡೀ ಯಂತ್ರದ ಜಾಣತನ ಈ ಮೂರನೆಯದರಲ್ಲಿದೆ. ಅದರಿಂದಾಗಿ, ಕಾರು ನಿಂತಲ್ಲಿಂದ ಹೊರಡುವ ಗಳಿಗೆಯಲ್ಲಿ ಎಂಜಿನ್ ಕೊಡುವ ತಿರುಗುಬಲ ಸುಮಾರು ಎರಡು ಪಟ್ಟಾಗಿ ಗೇರ್‌ಬಾಕ್ಸಿಗೆ ತಲುಪುತ್ತದೆ. ಕ್ಲಚ್ಚು ಹೊರಡುವಾಗ ಬಲವನ್ನು ಸುಡುತ್ತದೆ, ಕನ್ವರ್ಟರ್ ಹೊರಡುವಾಗ ಬಲವನ್ನು ಹಿಗ್ಗಿಸುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸಲೀಸು. ಈ ಉಪಾಯ ಮೂಲತಃ ಕಾರಿನದೂ ಅಲ್ಲ. ಜರ್ಮನಿಯ ಹಡಗುಕಟ್ಟೆಯಲ್ಲಿದ್ದ ಹರ್ಮನ್ ಫಟ್ಟಿಂಗರ್ 1905ರಲ್ಲಿ ಹಡಗಿನ ಟರ್ಬೈನಿಗಾಗಿ ಇದರ ಹಕ್ಕುಪತ್ರ ಪಡೆದಿದ್ದರು.

ಕನ್ವರ್ಟರಿನ ಹಿಂದೆ ಗೇರುಗಳು. ಇಲ್ಲಿ ಒಂದಕ್ಕೊಂದು ಸರಿದು ಕೂಡಿಕೊಳ್ಳುವ ಹಲ್ಲುಚಕ್ರಗಳಿಲ್ಲ. ನಡುವೆ ಒಂದು ಸೂರ್ಯಚಕ್ರ, ಅದರ ಸುತ್ತ ಗ್ರಹಚಕ್ರಗಳು, ಎಲ್ಲವನ್ನೂ ಸುತ್ತುವರಿದ ಒಂದು ಬಳೆ. ಮೂರೂ ಸದಾ ಹಲ್ಲುಕಚ್ಚಿಕೊಂಡೇ ಇರುತ್ತವೆ. ಯಾವುದನ್ನು ಹಿಡಿದು ನಿಲ್ಲಿಸಿದಿರಿ, ಯಾವುದನ್ನು ಬಿಟ್ಟಿರಿ ಎಂಬುದರ ಮೇಲೆ ಗೇರು ಬದಲಾಗುತ್ತದೆ. ಹಿಡಿಯುವುದು, ಬಿಡುವುದು ಎಲ್ಲವೂ ಎಣ್ಣೆಯ ಒತ್ತಡದಿಂದ. ಅಂಗೈಯಗಲದ ಲೋಹದ ತಟ್ಟೆಗಳಲ್ಲಿ ಕೊರೆದ ಕಾಲುವೆಗಳು, ಅವುಗಳಲ್ಲಿ ಜಾರುವ ಸಣ್ಣ ಕವಾಟಗಳು, ಸ್ಪ್ರಿಂಗುಗಳು. ಕಾರಿನ ವೇಗ ಹೆಚ್ಚಿದರೆ ಒಂದು ಕಡೆಯಿಂದ ಒತ್ತಡ, ಆಕ್ಸಿಲರೇಟರ್ ತುಳಿದರೆ ಇನ್ನೊಂದು ಕಡೆಯಿಂದ. ಯಾವುದು ಗೆಲ್ಲುತ್ತದೋ ಅದರಂತೆ ಗೇರು. ಕಾರಿನಲ್ಲಿ ಕಂಪ್ಯೂಟರಿನ ಸುಳಿವೂ ಇಲ್ಲದ ಕಾಲದಲ್ಲಿ ಎಣ್ಣೆಯ ಕೈಯಲ್ಲಿ ಯೋಚನೆ ಮಾಡಿಸಿದ ಆ ಎಂಜಿನಿಯರುಗಳ ಬಗ್ಗೆ ನನಗೆ ಅಪಾರ ಗೌರವ.

ಆ ಎಣ್ಣೆಗೂ ಒಂದು ಕಥೆಯಿದೆ, ಸ್ವಲ್ಪ ನೋವಿನದು. ಜಾರಬೇಕಾದಲ್ಲಿ ಜಾರುವ, ಹಿಡಿಯಬೇಕಾದಲ್ಲಿ ಹಿಡಿಯುವ ಗುಣ ಬರಲೆಂದು ಶೆವರ್ಲೆಯ ಮಾತೃಸಂಸ್ಥೆಯಾದ ಜನರಲ್ ಮೋಟಾರ್ಸ್ ತನ್ನ ಕೆಂಪು ಗೇರ್ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿತ್ತು. 1970ರ ದಶಕದ ಆರಂಭದಲ್ಲಿ ಅಮೆರಿಕ ತಿಮಿಂಗಿಲದ ಉತ್ಪನ್ನಗಳನ್ನು ನಿಷೇಧಿಸಿದ ಮೇಲೆ ಬೇರೆ ರಾಸಾಯನಿಕಗಳನ್ನು ಹುಡುಕಬೇಕಾಯಿತು. ರಸ್ತೆಯಲ್ಲಿ ಗುಡುಗುತ್ತಿದ್ದ ಆ ಕಾರುಗಳ ಹೊಟ್ಟೆಯೊಳಗೆ ಸಾಗರದ ಅತಿ ದೊಡ್ಡ ಜೀವಿಗಳಲ್ಲೊಂದರ ಪಾಲೂ ಇತ್ತೆಂಬುದನ್ನು ಮರೆಯಲಾಗುವುದಿಲ್ಲ.

ಸಾಲು ಉತ್ಪಾದನೆಯ ಮೊದಲ ಯಶಸ್ವಿ ಆಟೊಮ್ಯಾಟಿಕ್ 1940ರ ಓಲ್ಡ್ಸ್‌ಮೊಬೈಲ್‌ನಲ್ಲಿ ಬಂತು. ಹೈಡ್ರಾಮ್ಯಾಟಿಕ್ ಎಂದು ಹೆಸರು, 57 ಡಾಲರ್ ಹೆಚ್ಚುವರಿ ಬೆಲೆ, ನಾಲ್ಕು ಗೇರು. ಅದರಲ್ಲಿ ಬಲ ಹಿಗ್ಗಿಸುವ ಕನ್ವರ್ಟರ್ ಇನ್ನೂ ಇರಲಿಲ್ಲ, ಸರಳವಾದ ಎಣ್ಣೆಯ ಜೋಡಣೆಯಷ್ಟೇ ಇತ್ತು. ಎರಡನೆಯ ಮಹಾಯುದ್ಧಕ್ಕೆ ಅಮೆರಿಕ ಇಳಿದ ಮೇಲೆ ಅದೇ ಪೆಟ್ಟಿಗೆ ಎರಡು ಕ್ಯಾಡಿಲಾಕ್ ಎಂಜಿನ್ನುಗಳ ಜೊತೆ ಎಂ5 ಸ್ಟುವರ್ಟ್ ಟ್ಯಾಂಕಿನೊಳಗೆ ಹೋಯಿತು. ಯುದ್ಧ ಮುಗಿದ ಮೇಲೆ ಓಲ್ಡ್ಸ್‌ಮೊಬೈಲ್ ಕೈಕಾಲು ಕಳೆದುಕೊಂಡ ಸೈನಿಕರಿಗಾಗಿ ವಿಶೇಷ ನಿಯಂತ್ರಣಗಳ ಕಾರನ್ನು ಕೊಟ್ಟಿತು. ಕ್ಲಚ್ ತುಳಿಯಬೇಕಾಗಿಲ್ಲದ ಗೇರ್‌ಬಾಕ್ಸ್ ಇದ್ದದ್ದರಿಂದಲೇ ಅದು ಸಾಧ್ಯವಾದದ್ದು. ಮುಂದೆ ಈ ಪೆಟ್ಟಿಗೆಯನ್ನು ಮೆತ್ತಗಿನವರ ಗೇರ್ ಎಂದು ಹಂಗಿಸಿದವರಿಗೆ ಅದು ಯುದ್ಧಭೂಮಿಯನ್ನೂ ಕಂಡು ಬಂದದ್ದೆಂದು ನೆನಪಿರಲಿಲ್ಲ.

ಹಾಗಾದರೆ ಕೆಟ್ಟ ಹೆಸರು ಬಂದದ್ದೆಲ್ಲಿಂದ? 1964ರಲ್ಲಿ ಪಾಂಟಿಯಾಕ್ ತನ್ನ ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿನಲ್ಲಿ ದೊಡ್ಡ ಕಾರಿನ 389 ಘನ ಇಂಚಿನ ಎಂಜಿನ್ ತುರುಕಿ ಜಿಟಿಒ ಎಂದು ಕರೆಯಿತು. ಮಸಲ್ ಕಾರುಗಳ ಕಾಲ ಆರಂಭವಾದದ್ದು ಅದರಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಮೊದಲ ಜಿಟಿಒದಲ್ಲಿ ಆಟೊಮ್ಯಾಟಿಕ್ ಕೇಳಿದವರಿಗೆ ಸಿಕ್ಕಿದ್ದು ಎರಡೇ ಗೇರಿನ ಪೆಟ್ಟಿಗೆ. 1966ರ ಶೆವೆಲ್ ಎಸ್‌ಎಸ್ 396ರಲ್ಲಿಯೂ ಆಟೊಮ್ಯಾಟಿಕ್ ಎಂದರೆ ಎರಡೇ ಗೇರಿನ ಪವರ್‌ಗ್ಲೈಡ್. ಒಂದನೆಯ ಗೇರಿನಲ್ಲಿ ಎಂಜಿನ್ ಕಿರುಚುವವರೆಗೆ ಹೋಗಬೇಕು, ಮರುಕ್ಷಣ ಎರಡನೆಯದು ಹಿಡಿದಾಗ ಎಂಜಿನ್ನಿನ ಸುತ್ತು ಧೊಪ್ಪನೆ ಬೀಳುತ್ತದೆ. ಏಣಿಯ ನಡುವಿನ ಮೆಟ್ಟಿಲು ಕಿತ್ತಂತೆ. ಅದರ ಪಕ್ಕದಲ್ಲಿ ನಾಲ್ಕು ಗೇರಿನ ಕಾರು ನಿಂತರೆ ಬೀದಿಯ ಹುಡುಗರು ಯಾವುದನ್ನು ಆರಿಸಿಕೊಂಡಾರು? ಆಟೊಮ್ಯಾಟಿಕ್‌ಗೆ ಅಂಟಿದ ಹೆಸರು ಆ ಎರಡು ಮೂರು ವರ್ಷಗಳದು. ಪೆಟ್ಟಿಗೆ ಬದಲಾದರೂ ಹೆಸರು ಬದಲಾಗಲಿಲ್ಲ.

ಕ್ರೈಸ್ಲರ್‌ನವರು ಮಾತ್ರ ಬೇರೆ ಲೆಕ್ಕದಲ್ಲಿದ್ದರು. ಅವರ ಟಾರ್ಕ್‌ಫ್ಲೈಟ್ 1956ರಲ್ಲೇ ಮೂರು ಗೇರಿನೊಂದಿಗೆ ಬಂದಿತ್ತು. 1962ರಲ್ಲಿ ಅಲ್ಯೂಮಿನಿಯಂ ಕವಚದ 727 ಬಂತು. ಗೇರ್ ಹಾಕಲು ಕೋಲೂ ಇರಲಿಲ್ಲ. 1964ರವರೆಗೆ ಡ್ಯಾಶ್‌ಬೋರ್ಡಿನ ಎಡತುದಿಯಲ್ಲಿ ರೇಡಿಯೊ ಗುಂಡಿಗಳಂಥ ಸಾಲು. ‘ಮ್ಯಾಕ್ಸ್ ವೆಜ್’ ಎಂದು ಕರೆಸಿಕೊಳ್ಳುವ 413 ಮತ್ತು 426 ಘನ ಇಂಚಿನ ರೇಸಿನ ಎಂಜಿನ್ನುಗಳನ್ನು ಅವರು ಇದೇ ಗುಂಡಿಗಳಿಗೆ ಜೋಡಿಸಿ ಸಾಧಾರಣ ಡಾಡ್ಜ್, ಪ್ಲಿಮತ್ ಕಾರುಗಳಲ್ಲಿ ಕೂರಿಸಿದರು. ಚಾಲಕ ಎಡಗೈ ಬೆರಳಿನಿಂದ ಒಂದು ಗುಂಡಿ ಒತ್ತುತ್ತಾನೆ, ಬಲಗಾಲನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾನೆ, ಮುಂದಿನ ಗುಂಡಿ ಒತ್ತುತ್ತಾನೆ. ಅಷ್ಟೇ.

ಕಾಲು ಮೈಲಿಯ ಡ್ರ್ಯಾಗ್ ರೇಸಿನಲ್ಲಿ ಈ ‘ಅಷ್ಟೇ’ ಎಷ್ಟು ದೊಡ್ಡದೆಂದು ನೋಡಿ. ಕ್ಲಚ್ಚಿನ ಕಾರು ಪ್ರತಿ ಸಲ ಗೇರ್ ಬದಲಿಸುವಾಗ ಒಂದು ಗಳಿಗೆ ಬಲ ಕಳೆದುಕೊಳ್ಳುತ್ತದೆ; ಆಟೊಮ್ಯಾಟಿಕ್‌ನಲ್ಲಿ ಒಂದು ಹಿಡಿತ ಬಿಡುವಷ್ಟರಲ್ಲಿ ಇನ್ನೊಂದು ಹಿಡಿದಿರುತ್ತದೆ, ಬಲ ಕಡಿಯುವುದಿಲ್ಲ. ಆ ಕಾಲದ ಟೈರುಗಳು ಕಿರಿದು, ಗಡಸು. ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಅವು ಹೊಗೆಯುಗುಳುತ್ತಾ ನಿಂತಲ್ಲೇ ತಿರುಗುತ್ತಿದ್ದವು, ಇಲ್ಲವೇ ಹಿಂದಿನ ಆ್ಯಕ್ಸಲ್ ಮುರಿಯುತ್ತಿತ್ತು. ಎಣ್ಣೆಯ ಮೂಲಕ ಬರುವ ಬಲ ತಳ್ಳುತ್ತದೆಯೇ ಹೊರತು ಗುದ್ದುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಗೇರ್ ತಪ್ಪುವ ಭಯವಿಲ್ಲ. ಎರಡರಿಂದ ಮೂರಕ್ಕೆ ಹೋಗುವ ಅವಸರದಲ್ಲಿ ಕೋಲು ಎಡವಿದರೆ ರೇಸೂ ಹೋಯಿತು, ಕೆಲವೊಮ್ಮೆ ಎಂಜಿನ್ನೂ ಹೋಯಿತು. ರಾನಿ ಸಾಕ್ಸ್ ಅವರಂಥ ಚಾಲಕರು ನಾಲ್ಕು ಗೇರಿನ ಕೋಲನ್ನು ಅದ್ಭುತವಾಗಿ ಆಡಿಸುತ್ತಿದ್ದರು, ಅದಕ್ಕಾಗಿಯೇ ಪ್ರಸಿದ್ಧರಾದರು. ಆದರೆ ಸಾಕ್ಸ್ ಒಬ್ಬರೇ. ಶನಿವಾರ ಕೆಲಸ ಮುಗಿಸಿ ರೇಸಿಗೆ ಬರುವ ಸಾವಿರಾರು ಜನರ ಕೈ ಸಾಕ್ಸ್ ಕೈಯಲ್ಲ.

ಕ್ರೈಸ್ಲರ್‌ನ ಕಿರಿಯ ಎಂಜಿನಿಯರುಗಳು ಸೇರಿ ಕಟ್ಟಿಕೊಂಡಿದ್ದ ‘ರ‍್ಯಾಮ್‌ಚಾರ್ಜರ್ಸ್’ ತಂಡ ತಮ್ಮ ಪಟ್ಟೆಪಟ್ಟೆಯ ಡಾಡ್ಜ್‌ಗೆ ‘ಕ್ಯಾಂಡಿಮ್ಯಾಟಿಕ್’ ಎಂದು ಹೆಸರಿಟ್ಟದ್ದು ಅದರ ಆಟೊಮ್ಯಾಟಿಕ್ ಗೇರನ್ನು ಹೆಮ್ಮೆಯಿಂದ ಹೇಳಿಕೊಳ್ಳಲೆಂದೇ. ಎನ್‌ಎಚ್‌ಆರ್‌ಎ ಆಟೊಮ್ಯಾಟಿಕ್ ಕಾರುಗಳಿಗೆ ಪ್ರತ್ಯೇಕ ವರ್ಗಗಳನ್ನೇ ಇಟ್ಟಿತ್ತು. ಲಾ ಹಾರ್ಪ್‌ನ ಗಿಬ್ ಕಣ್ಣಿಟ್ಟದ್ದು ಅಲ್ಲಿಗೇ. ಶೆವರ್ಲೆಯ ಆ ಬಲವಾದ ಎಂಜಿನ್ ಕ್ಲಚ್ಚಿನ ಜೊತೆ ಮಾತ್ರ ಸಿಗುತ್ತಿದ್ದಾಗ, ಆಟೊಮ್ಯಾಟಿಕ್ ವರ್ಗಗಳಲ್ಲಿ ಕ್ರೈಸ್ಲರ್‌ಗೆ ಸರಿಯಾದ ಎದುರಾಳಿಯಾಗಲು ಬೇಕಾದ ಸರಂಜಾಮೇ ನೋವಾದಲ್ಲಿ ಇರಲಿಲ್ಲ. ಆ 50 ನೋವಾಗಳು ಆ ಕೊರತೆಯನ್ನು ತುಂಬಿದವು. ಡಿಕ್ ಹ್ಯಾರೆಲ್ ಎಂಬ ಹೆಸರಾಂತ ರೇಸುಗಾರ ಗಿಬ್ ಜೊತೆಗಿದ್ದರು. ಕೆಲವು ನೋವಾಗಳಿಗೆ ಅವರ ಕೈಯಲ್ಲಿ ಇನ್ನೂ ದೊಡ್ಡ 427ರ ಎಂಜಿನ್ ಬಂತು.

ಆ ನೋವಾಗಳಲ್ಲಿದ್ದ ಪೆಟ್ಟಿಗೆ ಪವರ್‌ಗ್ಲೈಡ್ ಅಲ್ಲ, ಟರ್ಬೊ ಹೈಡ್ರಾಮ್ಯಾಟಿಕ್ 400. 1964ರಲ್ಲಿ ಕ್ಯಾಡಿಲಾಕ್ ಮತ್ತು ಬ್ಯೂಕ್ ಕಾರುಗಳಲ್ಲಿ ಮೊದಲು ಬಂದ ಈ ಮೂರು ಗೇರಿನ ಪೆಟ್ಟಿಗೆ ಎಷ್ಟು ಗಟ್ಟಿಯೆಂದರೆ ಮುಂದೆ ರೋಲ್ಸ್ ರಾಯ್ಸ್ ತನ್ನ ಸಿಲ್ವರ್ ಶ್ಯಾಡೊಗೆ ಅದನ್ನು ಕೊಂಡುಕೊಂಡಿತು, ಜಾಗ್ವಾರ್ ಕೊಂಡುಕೊಂಡಿತು. 1976ರಲ್ಲಿ ಫೆರಾರಿ ತನ್ನ ಮೊಟ್ಟಮೊದಲ ಆಟೊಮ್ಯಾಟಿಕ್ ಕಾರಿಗೂ ಅದನ್ನೇ ಆರಿಸಿತು. 1967ರಲ್ಲಿ ಅದು ಜಿಟಿಒಗೂ ಬಂತು, ಜೊತೆಗೆ ಹರ್ಸ್ಟ್ ಕಂಪನಿಯ ‘ಡ್ಯುಯಲ್ ಗೇಟ್’ ಕೋಲು. ಆ ಕೋಲಿಗೆ ಅಕ್ಕಪಕ್ಕ ಎರಡು ಹಾದಿ. ಎಡಗಡೆ ಹಾದಿಯಲ್ಲಿಟ್ಟರೆ ಗೇರುಗಳು ತಾವಾಗಿಯೇ ಬದಲಾಗುತ್ತವೆ; ಬಲಗಡೆಗೆ ಸರಿಸಿದರೆ ಒಂದೊಂದೇ ಗೇರನ್ನು ಕೈಯಿಂದ ಟಕ್ ಟಕ್ ಎಂದು ಮುಂದೂಡಬಹುದು, ತಪ್ಪಿ ನ್ಯೂಟ್ರಲ್‌ಗೆ ಜಾರದಂತೆ ತಡೆಯಿದೆ. ಅವನಿಗೊಂದು, ಅವಳಿಗೊಂದು ಎಂದು ಇದನ್ನು ಮಾರಿದರು. ಆ ಜಾಹೀರಾತಿನ ಧಾಟಿ ನನಗೆ ಹಿಡಿಸುವುದಿಲ್ಲ, ಯಾರ ಕೈಗೆ ಯಾವ ಹಾದಿ ಎಂದು ಹೇಳಲು ಅವರು ಯಾರು? ಕೋಲು ಮಾತ್ರ ಸೊಗಸಾದದ್ದು. ಪೇಟೆಯಲ್ಲಿ ಒಂದು ಸ್ವಭಾವ, ಖಾಲಿ ರಸ್ತೆಯಲ್ಲಿ ಇನ್ನೊಂದು.

ಅದೇ ಹರ್ಸ್ಟ್ ಹೆಸರು ಹೊತ್ತ 1968ರ ಹರ್ಸ್ಟ್/ಓಲ್ಡ್ಸ್ ನನ್ನ ಮಟ್ಟಿಗೆ ಈ ಕಥೆಯ ನಾಯಕ. ಮಧ್ಯಮ ಗಾತ್ರದ ಕಾರಿನಲ್ಲಿ 400 ಘನ ಇಂಚು ಮೀರಿದ ಎಂಜಿನ್ ಹಾಕಬಾರದೆಂದು ಜನರಲ್ ಮೋಟಾರ್ಸ್ ತನ್ನ ವಿಭಾಗಗಳಿಗೆ ಕಟ್ಟಪ್ಪಣೆ ಮಾಡಿತ್ತು. ಆದರೂ ಅದರದೇ ವಿಭಾಗವಾದ ಓಲ್ಡ್ಸ್‌ಮೊಬೈಲ್ ಮತ್ತು ಹರ್ಸ್ಟ್ ಸೇರಿ 455 ಘನ ಇಂಚಿನ ಎಂಜಿನ್ ಇರುವ, ಬೆಳ್ಳಿ ಬಣ್ಣಕ್ಕೆ ಕಪ್ಪು ಪಟ್ಟೆಯ 515 ಕಾರುಗಳನ್ನು ಹೊರತಂದವು. ಅಷ್ಟಕ್ಕೂ ಒಂದೇ ಗೇರ್‌ಬಾಕ್ಸ್: ಟರ್ಬೊ 400, ಡ್ಯುಯಲ್ ಗೇಟ್. ಕ್ಲಚ್ಚಿನ ಆಯ್ಕೆಯೇ ಇರಲಿಲ್ಲ. ಗೇರ್ ಕೋಲು ಮಾರಿಯೇ ಹೆಸರು ಮಾಡಿದ ಕಂಪನಿ ತನ್ನ ಹೆಸರಿನ ಮೊದಲ ಓಲ್ಡ್ಸ್‌ಗೆ ಆಟೊಮ್ಯಾಟಿಕ್ ಆರಿಸಿತೆಂಬುದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕ್ಯಾರಲ್ ಶೆಲ್ಬಿ ಹೆಸರು ಕೇಳಿದವರಿಗೆ ಕೋಬ್ರಾ ನೆನಪಾಗುತ್ತದೆ, ಲೆ ಮಾನ್ಸ್ ನೆನಪಾಗುತ್ತದೆ, ಆಟೊಮ್ಯಾಟಿಕ್ ನೆನಪಾಗುವುದಿಲ್ಲ. ಆದರೆ 1966ರಲ್ಲಿ ಹರ್ಟ್ಜ್ ಬಾಡಿಗೆ ಕಾರಿನ ಸಂಸ್ಥೆ ಶೆಲ್ಬಿಯಿಂದ ಸುಮಾರು 1,000 ಮಸ್ಟ್ಯಾಂಗ್ ಜಿಟಿ350ಗಳನ್ನು ತರಿಸಿತು. ಹೆಚ್ಚಿನವು ಕಪ್ಪು ಮೈಗೆ ಚಿನ್ನದ ಪಟ್ಟೆ. ಮೊದಲು ಬಂದವು ನಾಲ್ಕು ಗೇರಿನವು, ಆಮೇಲಿನ ಬಹುಪಾಲು ಆಟೊಮ್ಯಾಟಿಕ್. ಬಾಡಿಗೆಗೆ ಒಯ್ದವರು ಅವನ್ನು ನೇರ ರೇಸಿಗೆ ಓಡಿಸಿಕೊಂಡು ಹೋದ ಕಥೆಗಳು ಇಂದಿಗೂ ಚಾಲ್ತಿಯಲ್ಲಿವೆ. ಅದೇ ಶೆಲ್ಬಿ ತಮಗಾಗಿ ಕಟ್ಟಿಕೊಂಡ ಕೋಬ್ರಾ ಯಾವುದು ಗೊತ್ತೇ? ‘ಸೂಪರ್ ಸ್ನೇಕ್’. 427ರ ಎಂಜಿನ್, ಅದರ ಮೇಲೆ ಎರಡು ಸೂಪರ್‌ಚಾರ್ಜರ್, 800 ಅಶ್ವಶಕ್ತಿ ಎಂದು ಹೇಳುತ್ತಾರೆ. ಗೇರ್‌ಬಾಕ್ಸ್ ಮೂರು ಗೇರಿನ ಆಟೊಮ್ಯಾಟಿಕ್. 2007ರ ಜನವರಿಯಲ್ಲಿ ಆರಿಜೋನಾದ ಹರಾಜಿನಲ್ಲಿ ಆ ಕಾರು 55 ಲಕ್ಷ ಡಾಲರಿಗೆ ಹೋಯಿತು.

ಅಪರೂಪದ ಮಾತಿಗೆ ಬರೋಣ. ಆಟೊಮ್ಯಾಟಿಕ್ ಮಸಲ್ ಕಾರ್ ಅಪರೂಪ ಎಂದು ಒಟ್ಟಾರೆಯಾಗಿ ಹೇಳಿದರೆ ಅದು ತಪ್ಪು. ಎಷ್ಟೋ ಮಾದರಿಗಳಲ್ಲಿ ಅವೇ ಹೆಚ್ಚು ಮಾರಾಟವಾದವು. ‘ಹೆಮಿ’ ಎಂಬ ದೊಡ್ಡ ಎಂಜಿನ್ ಇದ್ದ ಪ್ಲಿಮತ್ ಕಾರು, 1970ರ ಹೆಮಿ ಕುಡಾ ಕನ್ವರ್ಟಿಬಲ್ ತೆಗೆದುಕೊಳ್ಳಿ. ಒಟ್ಟು 14 ಕಾರು. ಅದರಲ್ಲಿ 9 ಆಟೊಮ್ಯಾಟಿಕ್, 5 ನಾಲ್ಕು ಗೇರಿನವು. ಮರುವರ್ಷದ, ಇನ್ನೂ ಕಡಿಮೆ ಸಂಖ್ಯೆಯ ಅದೇ ಮಾದರಿಯ ನಾಲ್ಕು ಗೇರಿನ ಕಾರೊಂದು 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ 35 ಲಕ್ಷ ಡಾಲರ್ ತಂದಿತು. ಇಲ್ಲಿ ಅಪರೂಪವೂ ಆಸೆಯೂ ಒಂದೇ ಕಡೆ ಇವೆ, ಬೆಲೆ ಅರ್ಥವಾಗುತ್ತದೆ.

ಈಗ 1969ರ ಕ್ಯಾಮರೊ ಝೀಎಲ್1 ನೋಡಿ. ಮತ್ತೆ ಫ್ರೆಡ್ ಗಿಬ್, ಮತ್ತೆ ಕೋಪೊ ಬಾಗಿಲು, ಮತ್ತೆ 50 ಕಾರಿನ ಆದೇಶ. ಪೂರ್ತಿ ಅಲ್ಯೂಮಿನಿಯಂನ 427 ಎಂಜಿನ್ನಿಗೇ 4,000 ಡಾಲರಿಗಿಂತ ಹೆಚ್ಚು ಬಿತ್ತು, ಕಾರಿನ ಒಟ್ಟು ಬೆಲೆ 7,000 ದಾಟಿತು. ಲಾ ಹಾರ್ಪ್‌ನಂಥ ಊರಿನಲ್ಲಿ ಅಷ್ಟು ಕಾರು ಯಾರು ಕೊಂಡಾರು? ಹೆಚ್ಚಿನವನ್ನು ಕಂಪನಿ ಹಿಂದಕ್ಕೆ ಪಡೆದು ಬೇರೆ ಡೀಲರುಗಳಿಗೆ ಹಂಚಿತು. ಬೇರೆಯವರ ಆದೇಶಗಳೂ ಸೇರಿ ಒಟ್ಟು ತಯಾರಾದದ್ದು 69. ಅವುಗಳಲ್ಲಿ 47ಕ್ಕೆ ನಾಲ್ಕು ಗೇರಿನ ಕೋಲು, 22ಕ್ಕೆ ಟರ್ಬೊ 400. ಇಲ್ಲಿ ಆಟೊಮ್ಯಾಟಿಕ್ ನಿಜಕ್ಕೂ ಅಪರೂಪ. ಆದರೂ ಮಸಲ್ ಕಾರ್ ಕೊಳ್ಳುವವರ ಆಸೆ ಸಾಮಾನ್ಯವಾಗಿ ಕೋಲಿನ ಕಡೆಗೇ ವಾಲುತ್ತದೆ. ಸಂಖ್ಯೆ ಕಡಿಮೆಯಾದಷ್ಟಕ್ಕೆ ಬೆಲೆ ಏರುವುದಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಗೋಡೆಗೆ ಅಂಟಿಸಿಕೊಂಡ ಚಿತ್ರಕ್ಕೆ ಹೊಂದಿದರೆ ಏರುತ್ತದೆ.

ಇದರಿಂದ ಹುಟ್ಟಿದ ಇನ್ನೊಂದು ಅಪರೂಪ ನನಗೆ ಹೆಚ್ಚು ಸಂಕಟ ಕೊಡುತ್ತದೆ. ನಾಲ್ಕು ಗೇರಿನ ಕಾರಿಗೆ ಹೆಚ್ಚು ಹಣ ಸಿಗುತ್ತದೆಂದು ದಶಕಗಳಿಂದ ಜನ ಆಟೊಮ್ಯಾಟಿಕ್ ಕಾರುಗಳನ್ನು ಕೊಯ್ದು ಕ್ಲಚ್ ಜೋಡಿಸುತ್ತಾ ಬಂದಿದ್ದಾರೆ. ಡಾಡ್ಜ್, ಪ್ಲಿಮತ್ ಕಾರುಗಳಲ್ಲಿ ಇದು ನೆಲದ ತಗಡಿನಲ್ಲೇ ಕಾಣುತ್ತದೆ. ನಾಲ್ಕು ಗೇರಿನ ಕಾರಿಗೆ ಕಾರ್ಖಾನೆಯವರು ನಡುವಿನ ತಗಡಿಗೆ ಉಬ್ಬಿದ ಒಂದು ಡುಬ್ಬ ಬೆಸೆಯುತ್ತಿದ್ದರು. ಬದಲಾಯಿಸಿದ ಕಾರಿನಲ್ಲಿ ಆ ಬೆಸುಗೆ ಹೊಸದಾಗಿರುತ್ತದೆ. ಬಾನೆಟ್ಟಿನಡಿಯ ಪುಟ್ಟ ತಗಡಿನಲ್ಲಿ ಡಿ32 ಎಂದು ಒತ್ತಿದ್ದರೆ ಅದು ಗಟ್ಟಿ ಟಾರ್ಕ್‌ಫ್ಲೈಟ್, ಡಿ21 ಎಂದಿದ್ದರೆ ನಾಲ್ಕು ಗೇರು. ಹೆಮಿ ಎಂಜಿನ್ನಿನ ಕಾರಾದರೆ ಹಿಂದಿನ ಆ್ಯಕ್ಸಲ್ ಕೂಡ ಸಾಕ್ಷಿ ಹೇಳುತ್ತದೆ: ಕ್ಲಚ್ಚಿನ ಗುದ್ದು ತಾಳಲು ನಾಲ್ಕು ಗೇರಿನ ಕಾರಿಗೆ ಡಾನಾ 60 ಎಂಬ ದೊಡ್ಡ ಆ್ಯಕ್ಸಲ್ ಕಡ್ಡಾಯವಾಗಿತ್ತು, ಆಟೊಮ್ಯಾಟಿಕ್‌ಗೆ ಸಾಮಾನ್ಯವಾದದ್ದೇ ಸಾಕಾಗುತ್ತಿತ್ತು. ಎಣ್ಣೆ ತಳ್ಳುತ್ತದೆ, ಗುದ್ದುವುದಿಲ್ಲ ಎಂದೆನಲ್ಲ, ಕಾರ್ಖಾನೆಯವರಿಗೂ ಅದು ಗೊತ್ತಿತ್ತು. ಹೀಗೆ ಮೊದಲು ಸಾಮಾನ್ಯವಾಗಿದ್ದ ಕಾರು, ಹುಟ್ಟಿದಾಗಿನ ಗೇರ್‌ಬಾಕ್ಸಿನೊಂದಿಗೇ ಉಳಿದುಕೊಂಡದ್ದು, ವರ್ಷ ವರ್ಷವೂ ಕಡಿಮೆಯಾಗುತ್ತಾ ಹೋಗಿದೆ. ಕೊಯ್ದ ತಗಡನ್ನು ಮತ್ತೆ ಬೆಸೆಯಬಹುದು, ಕೊಯ್ಯದ ಕಾರನ್ನು ಮತ್ತೆ ಮಾಡಲಾಗದು.

ಅಂಥ ಕಾರಿನ ಸೆಳೆತ ಏನೆಂದು ಕೇಳಿದರೆ ನಾನು ಹೇಳುವುದು ಒಂದು ಗಳಿಗೆಯನ್ನು. ದೊಡ್ಡ ವಿ-8 ಕಾರು ಸದ್ದಿಲ್ಲದೆ ಮೂರನೆಯ ಗೇರಿನಲ್ಲಿ ತೇಲುತ್ತಿದೆ. ಬಲಗಾಲನ್ನು ನೆಲದವರೆಗೆ ಒತ್ತುತ್ತೀರಿ. ಅರೆಕ್ಷಣ ಏನೂ ಇಲ್ಲ. ಆಮೇಲೆ ಪೆಟ್ಟಿಗೆ ಒಂದು ಗೇರು ಕೆಳಗಿಳಿಯುತ್ತದೆ, ಕಾರ್ಬ್ಯುರೇಟರಿನ ಹಿಂದಿನ ಬಾಯಿಗಳು ತೆರೆದುಕೊಳ್ಳುತ್ತವೆ, ಬಾನೆಟ್ಟು ಮೇಲೇಳುತ್ತದೆ, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಕ್ಲಚ್ಚಿನ ಕಾರಿನಲ್ಲಿ ಆ ಗಳಿಗೆಯಲ್ಲಿ ಚಾಲಕನಿಗೆ ಕೆಲಸವಿರುತ್ತದೆ. ಇಲ್ಲಿ ಕೈ ಸ್ಟೀರಿಂಗ್ ಮೇಲಿದೆ, ಕಿವಿ ಖಾಲಿಯಿದೆ. ಗುಡುಗನ್ನು ಪೂರ್ತಿ ಕೇಳಬಹುದು. 1968ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಂಬತ್ತರ ಹತ್ತಿರ. ಮೊಣಕಾಲು ಗಡಸು ಕ್ಲಚ್ಚನ್ನು ಒಪ್ಪದ ವಯಸ್ಸಿನಲ್ಲಿ ತಮ್ಮ ಕಾಲದ ಕಾರನ್ನು ತಾವೇ ಓಡಿಸಲು ಅನೇಕರಿಗೆ ಇದೊಂದೇ ದಾರಿ. ಯುದ್ಧದಿಂದ ಮರಳಿದ ಸೈನಿಕರಿಗೆ ಓಲ್ಡ್ಸ್‌ಮೊಬೈಲ್ ಕೊಟ್ಟದ್ದೂ ಇದನ್ನೇ ಅಲ್ಲವೇ.

1987ರಲ್ಲಿ ಬ್ಯೂಕ್ ಜಿಎನ್‌ಎಕ್ಸ್ ಎಂಬ ಕಪ್ಪು ಕಾರು ತಂದಿತು. 547 ಮಾತ್ರ. ಟರ್ಬೊ ಹಾಕಿದ ವಿ-6 ಎಂಜಿನ್, ಎಲ್ಲದಕ್ಕೂ ನಾಲ್ಕು ಗೇರಿನ ಆಟೊಮ್ಯಾಟಿಕ್. ಆ ಕಾಲದ ಅಮೆರಿಕದ ಅತಿ ವೇಗದ ಕಾರುಗಳ ಸಾಲಿನಲ್ಲಿ ಅದು ನಿಂತಾಗ ಕ್ಲಚ್ ಎಲ್ಲಿ ಎಂದು ಕೇಳಿದವರು ಕಡಿಮೆ. 2018ರ ಡಾಡ್ಜ್ ಡೀಮನ್ ಕೂಡ ಆಟೊಮ್ಯಾಟಿಕ್‌ನಲ್ಲಿ ಮಾತ್ರ ಬಂತು. ನೇರವಾಗಿ ಡ್ರ್ಯಾಗ್ ರೇಸಿಗೆಂದೇ ಮಾಡಿದ ಕಾರದು.

ಎಲ್ಲರೂ ಹಂಗಿಸಿದ ಆ ಎರಡು ಗೇರಿನ ಪವರ್‌ಗ್ಲೈಡ್ ಏನಾಯಿತು? ಶೆವರ್ಲೆ ಅದನ್ನು 1973ರಲ್ಲಿ ನಿಲ್ಲಿಸಿತು. ಆದರೆ ಡ್ರ್ಯಾಗ್ ರೇಸಿನವರು ಬಿಡಲಿಲ್ಲ. ಹಗುರ, ಒಳಗೆ ತಿರುಗುವ ಭಾಗಗಳು ಕಡಿಮೆ, ಕಾಲು ಮೈಲಿಯಲ್ಲಿ ಒಂದೇ ಸಲ ಗೇರ್ ಬದಲು, ಪ್ರತಿ ಓಟವೂ ಹಿಂದಿನ ಓಟದಂತೆಯೇ. ಬೀದಿಯಲ್ಲಿ ದೋಷವೆನಿಸಿದ್ದೆಲ್ಲ ಕಣದಲ್ಲಿ ಗುಣವಾಯಿತು. ಶೆವರ್ಲೆ ಕೈಬಿಟ್ಟು ಐವತ್ತು ವರ್ಷ ದಾಟಿದರೂ ಬೇರೆ ಕಂಪನಿಗಳು ಇಂದಿಗೂ ಅದರ ಕವಚವನ್ನು ಹೊಸದಾಗಿ ಎರಕ ಹೊಯ್ಯುತ್ತಿವೆ, ಒಳಗಿನ ಗ್ರಹಚಕ್ರಗಳನ್ನು ಇನ್ನೂ ಗಟ್ಟಿ ಉಕ್ಕಿನಲ್ಲಿ ಕಡೆಯುತ್ತಿವೆ, ಸಾವಿರಾರು ಅಶ್ವಶಕ್ತಿಯ ಎಂಜಿನ್ನುಗಳ ಬೆನ್ನಿಗೆ ಅದನ್ನು ಬಿಗಿಯುತ್ತಿವೆ.